ಎಂದ ಲೈನುಪ್ಪಾ?

ಅಪ್ಪನ ತಾತ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಗೆ ಇಳಿಯುತ್ತಿದ್ದರು ಅನ್ನುವುದೊಂದೇ ನಮ್ಮ ಮನೆಯಲ್ಲಿ ಉಳಿದಿದ್ದ ಸುದ್ದಿ. ಬೆಂಗಳೂರಿನಿಂದ ಮಾರಿಕುಪ್ಪಂ ರೈಲು ಹತ್ತಿ ಹೋದವನು ಮೊದಲ ದಿನವಿಡೀ ಹೆಸರು ಹಿಡಿದು ವಿಚಾರಿಸಿದೆ. ಮುನಿಸ್ವಾಮಿ ಅಂದರೆ ಅಲ್ಲಿ ಬೀದಿಗೆ ನಾಲ್ವರು. ಸಂಜೆ ಹೊಸ್ತಿಲ ಮೇಲೆ ಕೂತಿದ್ದ ಪಾಟಿಯೊಬ್ಬರು (ತಮಿಳಲ್ಲಿ ಪಾಟಿ ಅಂದರೆ ಅಜ್ಜಿ) ತಮಿಳಲ್ಲೇ ಕೇಳಿದರು: "ಎಂದ ಲೈನುಪ್ಪಾ?"

ಯಾವ ಲೈನು ಅಂತ ನನಗೇ ಗೊತ್ತಿರಲಿಲ್ಲ. ಲೈನು ಅಂದರೆ ಗಣಿ ಕಂಪನಿ ಕಾರ್ಮಿಕರಿಗೆ ಸಾಲಾಗಿ ಕಟ್ಟಿಸಿದ ಮನೆಗಳು. ಮೊದಮೊದಲು ಬಿದಿರು ತಟ್ಟಿಯವು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯ ಜನ ಬಂದು ತುಂಬಿಕೊಂಡಿದ್ದು ಇವುಗಳಲ್ಲೇ.

ವಾಪಸ್ ಬಂದು ಅಟ್ಟದ ಟ್ರಂಕು ಕೆದಕಿದೆ. ಮುತ್ತಜ್ಜಿಯ ರೇಷನ್ ಕಾರ್ಡಿನಲ್ಲಿ ಲೈನಿನ ಹೆಸರು, ಮನೆ ನಂಬರು ಎರಡೂ ಇದ್ದವು. ಅವರ ಹೆಸರಂತೂ ಒಂದೊಂದು ಕಾಗದದಲ್ಲಿ ಒಂದೊಂದು ಥರ. ತಮಿಳಲ್ಲಿ ಹೇಳಿದ್ದನ್ನು ಒಬ್ಬ ಗುಮಾಸ್ತ ಇಂಗ್ಲಿಷಿನಲ್ಲಿ, ಇನ್ನೊಬ್ಬ ಕನ್ನಡದಲ್ಲಿ ಬರೆದುಕೊಂಡರೆ ಮತ್ತೇನಾದೀತು! ಮನೆ ನಂಬರು ಮಾತ್ರ ಎಲ್ಲದರಲ್ಲೂ ಒಂದೇ.

ಆಮೇಲೆ ಕೈಹಿಡಿದಿದ್ದು ಹಳೇ ಮತದಾರರ ಪಟ್ಟಿ. ಅದು ಮನೆ ನಂಬರಿನ ಕ್ರಮದಲ್ಲಿರುತ್ತದೆ; ಹೆಸರಿನ ಪಕ್ಕ ತಂದೆ ಅಥವಾ ಗಂಡನ ಹೆಸರು, ವಯಸ್ಸು. ಸಿಕ್ಕಷ್ಟು ವರ್ಷಗಳ ಪಟ್ಟಿಯಲ್ಲಿ ಆ ಒಂದೇ ನಂಬರಿನ ಮೇಲೆ ಬೆರಳಿಟ್ಟುಕೊಂಡು ಹೋದೆ. ಮುತ್ತಜ್ಜಿ ಇದ್ದಾರೆ. ಅವರ ಜತೆ ಯಾರೋ ಗಂಡಸು. ಅವನ ತಂದೆಯ ಹೆಸರು ನಮ್ಮವರದಲ್ಲ. ತಪ್ಪು ಮನೆ ಹಿಡಿದೆನೋ ಅಂತ ಒಂದು ತಿಂಗಳು ಬಿಟ್ಟೇಬಿಟ್ಟಿದ್ದೆ.

ಕೊನೆಗೆ ಪಟ್ಟಿ ಹಿಡಿದು ಅದೇ ಪಾಟಿಯ ಹತ್ತಿರ ಹೋದೆ. ನಂಬರು ಹೇಳಿದ್ದೇ ತಡ, ಕತೆ ಬಿಚ್ಚಿಕೊಂಡಿತು. ಮುತ್ತಾತ 'ಏರ್ ಬ್ಲಾಸ್ಟ್'ನಲ್ಲಿ ಹೋದರಂತೆ. ಆಳದಲ್ಲಿ ಒತ್ತಡಕ್ಕೆ ಬಂಡೆ ಸಿಡಿಯುವುದಕ್ಕೆ ಅಲ್ಲಿನವರು ಹಾಗನ್ನುತ್ತಾರೆ. ನನ್ನ ತಾತ ಆಗಿನ್ನೂ ಸ್ಕೂಲು ಹುಡುಗ. ಗಣಿಗೆ ಹೋಗುವ ಆಳಿಲ್ಲದಿದ್ದರೆ ಮನೆ ಖಾಲಿ ಮಾಡಬೇಕಿತ್ತು. ಮುತ್ತಾತನ ಅಕ್ಕನ ಮಗ ಊರಿಂದ ಬಂದು ಗಣಿ ಸೇರಿದ, ಮನೆ ಉಳಿಯಿತು. ನಾನೋ ಅಪ್ಪ-ಮಗ ಅನ್ನುವ ಒಂದೇ ದಾರಿಯಲ್ಲಿ ವಂಶ ಹುಡುಕುತ್ತಿದ್ದೆ.

2001ರಲ್ಲಿ ಗಣಿ ಮುಚ್ಚಿದರೂ ಆತನ ಮಗಳು ಆ ಮನೆಯಲ್ಲೇ ಇದ್ದಾರೆ. ಮೊದಲ ದಿನ ಅವರ ಬಾಗಿಲನ್ನೂ ತಟ್ಟಿದ್ದೆ. ಮುನಿಸ್ವಾಮಿಯೇ, ಗೊತ್ತಿಲ್ಲಪ್ಪ ಅಂದಿದ್ದರು. ಗಣಿಯೊಳಗೆ ಮರದ ಆಸರೆ ನಿಲ್ಲಿಸುವ ಕೆಲಸ ಮುತ್ತಾತನದು. ಆ ಮನೆಯಲ್ಲಿ ಅವರು ಬರೀ 'ಟಿಂಬರ್ ಮಾಮ'.