ಕಲಬುರಗಿಯಲ್ಲಿ ಮನೆ ನೋಡುತ್ತಿರುವ ದುಬೈ ಹೊಸಬರಿಗೆ

ದುಬೈಗೆ ಬಂದು ಕೈಯಲ್ಲಿ ನಾಲ್ಕು ಕಾಸು ನಿಲ್ಲುತ್ತಿದ್ದಂತೆ ನಮ್ಮ ಕಲಬುರಗಿ ಕಡೆಯ ಹುಡುಗರು ಊರಿನ ಮನೆಯ ಮಾತು ಎತ್ತುತ್ತಾರೆ. ಅಪ್ಪ, ಅವ್ವ ಇನ್ನೂ ಬಾಡಿಗೆ ಮನೆಯಲ್ಲಿರುತ್ತಾರೆ, ಇಲ್ಲವೇ ಹಳ್ಳಿ ಬಿಟ್ಟು ಆಸ್ಪತ್ರೆಗೆ ಹತ್ತಿರ ಬರಬೇಕಾಗಿರುತ್ತದೆ. ಇರುವ ದುಡ್ಡಿಗೆ ಎಲ್ಲವೂ ಕೂಡಿಬಂದ ಮನೆ ಸಿಗುವುದಿಲ್ಲ. ಯಾವುದನ್ನು ಬಿಟ್ಟುಕೊಡಬೇಕು ಎಂದು ಕೇಳಿದರೆ ನನ್ನ ಉತ್ತರ ಒಂದೇ: ನಿಮಗೆ ತೊಂದರೆಯಾಗುವ ಕಡೆ ಎಷ್ಟು ಬೇಕಾದರೂ ಬಗ್ಗಿ, ಅವ್ವನಿಗೆ ದಿನವೂ ತೊಂದರೆಯಾಗುವ ಕಡೆ ಬಗ್ಗಬೇಡಿ. ನೀವು ವರ್ಷಕ್ಕೊಮ್ಮೆ ರಜೆಗೆ ಹೋಗುವವರು. ಮಾರ್ಚ್‌ನಿಂದ ಜೂನ್‌ವರೆಗೆ ಆ ಗೋಡೆಗಳ ನಡುವೆ ಬೇಯುವವರು ಅವರು.

ಮೊದಲು ನೀರು. ಊರಿಗೆ ಭೀಮಾ ಮತ್ತು ಬೆಣ್ಣೆತೊರೆಯ ನೀರು ಬರುತ್ತದೆ ನಿಜ. ಕೆಲವು ವಾರ್ಡುಗಳಲ್ಲಿ 2008ರ ಸುಮಾರಿಗೇ ದಿನದ 24 ತಾಸೂ ನಳದಲ್ಲಿ ನೀರು ಕೊಡುವ ವ್ಯವಸ್ಥೆ ಶುರುವಾಯಿತು. ಆದರೆ ನೀವು ನೋಡುತ್ತಿರುವ ಓಣಿಯ ಕಥೆ ಬೇರೆಯೇ ಇರಬಹುದು. ಏಜೆಂಟರನ್ನು ಕೇಳಿದರೆ ‘ನೀರಿನ ತೊಂದರೆ ಇಲ್ಲವೇ ಇಲ್ಲ’ ಎನ್ನುತ್ತಾರೆ. ವಿಡಿಯೋ ಕರೆ ಮಾಡಿದಾಗ ಮೊಬೈಲನ್ನು ಬೀದಿಯ ಕಡೆ ತಿರುಗಿಸಲು ಹೇಳಿ. ಮನೆಗಳ ಮುಂದೆ ಸಾಲಾಗಿ ಡ್ರಮ್ಮುಗಳು ನಿಂತಿದ್ದರೆ ಉತ್ತರ ಸಿಕ್ಕಿತು. ಪಕ್ಕದ ಮನೆಯ ಹೆಣ್ಣುಮಗಳನ್ನು ನಿಮ್ಮ ಅಕ್ಕನೋ ಚಿಕ್ಕಮ್ಮನೋ ಮಾತಾಡಿಸಲಿ. ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಮೇ ತಿಂಗಳಲ್ಲಿ ಟ್ಯಾಂಕರ್ ತರಿಸಿದ್ದುಂಟೇ, ಬೋರ್‌ವೆಲ್ ನೀರು ಗಡುಸೇ, ಅದರಲ್ಲಿ ಬೇಳೆ ಬೇಯುತ್ತದೆಯೇ, ಇಷ್ಟು ಕೇಳಿದರೆ ಸಾಕು. ತೊಗರಿಯ ನಾಡಿನಲ್ಲಿ ಬೇಳೆ ಬೇಯದ ನೀರು ಕುಡಿಯುವ ಮನೆ ಯಾರಿಗೆ ಬೇಕು!

ಎರಡನೆಯದು ಮಣ್ಣು. ಆ ತೊಗರಿಗೆ ವರವಾಗಿರುವ ಎರೆ ಮಣ್ಣೇ ಕಟ್ಟಡಕ್ಕೆ ಶತ್ರು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಅಡಿಪಾಯ ಎರೆ ದಾಟಿ ಕೆಳಗಿನ ಗಟ್ಟಿ ಮುರಂ (ಕಲ್ಲುಮಿಶ್ರಿತ ಮಣ್ಣು) ತಲುಪದಿದ್ದರೆ ಗೋಡೆಯೂ ಅದರ ಜೊತೆ ಏರಿಳಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ, ಮೆಟ್ಟಿಲು ಇಳಿದಂತೆ ಸಾಗುವ ಸೀಳು ಕಂಡರೆ ಎಚ್ಚರವಾಗಿ. ಮಾರಾಟಕ್ಕೆ ಮುಂಚೆ ಹೊಸದಾಗಿ ಬಣ್ಣ ಬಳಿದ ಮನೆಯಾದರೆ ಕಪಾಟಿನ ಹಿಂದೆ, ಮಾಳಿಗೆಯ ಮೆಟ್ಟಿಲಿನ ಕೆಳಗೆ ಟಾರ್ಚ್ ಹಾಕಿ ನೋಡಬೇಕು. ಸಾಧ್ಯವಾದರೆ ಪರಿಚಯದ ಎಂಜಿನಿಯರರನ್ನು ಕರೆದೊಯ್ಯಿರಿ. ಅವರ ಶುಲ್ಕ ಮುಂದಿನ ರಿಪೇರಿಯ ಖರ್ಚಿನ ಮುಂದೆ ಏನೂ ಅಲ್ಲ.

ಬಿಸಿಲು ಮೂರನೆಯದು. ಮೇಲ್ಮಹಡಿಯ ಫ್ಲ್ಯಾಟು ಅಗ್ಗವಾಗಿ ಸಿಗುವುದಕ್ಕೆ ಕಾರಣವಿದೆ. ಬೇಸಿಗೆಯಲ್ಲಿ ಯಾರನ್ನಾದರೂ ರಾತ್ರಿ ಎಂಟಕ್ಕೆ ಕಳಿಸಿ, ಪಡುವಣ ಗೋಡೆಯ ಮೇಲೆ ಒಳಗಿನಿಂದ ಅಂಗೈ ಇಡಲು ಹೇಳಿ. ಆಗಲೂ ಸುಡುತ್ತಿದ್ದರೆ ಆ ಕೋಣೆಯಲ್ಲಿ ಅಪ್ಪ ನಿದ್ದೆ ಮಾಡಲಾರರು. ಹಳೆಯ ಮನೆಗಳ ಶಹಾಬಾದ್ ಫರಸಿ ನೆಲವನ್ನು ನೋಡಿ ನಮ್ಮ ಹುಡುಗರು ಮೂಗು ಮುರಿಯುತ್ತಾರೆ, ಹೊಳೆಯುವ ಟೈಲ್ಸ್ ಬೇಕೆನ್ನುತ್ತಾರೆ. ಮುದುಕರ ಕಾಲು ಜಾರದ, ಬರಿಗಾಲಿಗೆ ತಂಪಾದ ನೆಲ ಅದು. ಅದಿರುವ ಮನೆಗೆ ನಾನಾದರೆ ಸ್ವಲ್ಪ ಹೆಚ್ಚೇ ಕೊಡುತ್ತೇನೆ.

ಇನ್ನು ಬಿಟ್ಟುಕೊಡಬಹುದಾದದ್ದು. ಕಾರು ನಿಲ್ಲಿಸುವ ಜಾಗ, ಅಡುಗೆಮನೆಯ ಅಂದ, ಮುಂಭಾಗದ ಎಲಿವೇಶನ್, ಇವೆಲ್ಲ ಬಿಡಿ. ಎಲ್ಲಕ್ಕಿಂತ ದುಬಾರಿ ಮೋಹ ಮೂರನೆಯ ಬೆಡ್‌ರೂಮ್. ನಿಮ್ಮ ಒಂದು ತಿಂಗಳ ರಜೆಗಾಗಿ ಹನ್ನೊಂದು ತಿಂಗಳು ಅವ್ವ ಅದರ ಕಸ ಗುಡಿಸಬೇಕು. ಸೇಡಂ ರಸ್ತೆಯ ಕಡೆ 2019ರಲ್ಲಿ ವಿಮಾನ ನಿಲ್ದಾಣ ಶುರುವಾದಾಗಿನಿಂದ ‘ಅಲ್ಲೇ ತೆಗೆದುಕೊಳ್ಳಿ, ದರ ಏರುತ್ತದೆ’ ಎನ್ನುವವರು ಬಹಳ. ಹೂಡಿಕೆ ಬೇರೆ, ಹೆತ್ತವರ ಮನೆ ಬೇರೆ. ಸಂಜೆ ಶರಣಬಸವೇಶ್ವರ ಗುಡಿಗೆ ಆಟೋದಲ್ಲಿ ಹೋಗಿಬರುವಷ್ಟು ಹತ್ತಿರ ಇದ್ದರೆ ಅವರಿಗೆ ಅದೇ ದೊಡ್ಡದು. ವಾಸ್ತುವಿನ ವಿಷಯದಲ್ಲಿ ಅಪ್ಪ ಹೇಳಿದ್ದೇ ಕೊನೆಯ ಮಾತಾಗಲಿ, ಜಗಳ ಬೇಡ.

ಕಾಗದಪತ್ರದಲ್ಲಿ ಮಾತ್ರ ಕೂದಲೆಳೆಯಷ್ಟೂ ರಾಜಿ ಬೇಡ. ರಿಂಗ್ ರಸ್ತೆಯಾಚೆ ಅಗ್ಗದ ಪ್ಲಾಟಿನ ಆಸೆ ತೋರಿಸುತ್ತಾರೆ. ಅದು ಎನ್‌.ಎ. (ಕೃಷಿಯೇತರ ಜಮೀನು) ಆಗಿದೆಯೇ, ಲೇಔಟಿಗೆ ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದನೆ ಇದೆಯೇ ನೋಡಿ. ಅನಿವಾಸಿ ಭಾರತೀಯರು ಕೃಷಿ ಜಮೀನು ಕೊಳ್ಳುವಂತಿಲ್ಲ, ಇದು ವಿದೇಶಿ ವಿನಿಮಯ ಕಾನೂನಿನ ಮಾತು. ಇ-ಖಾತೆ (ಸ್ಥಳೀಯ ಸಂಸ್ಥೆಯ ಆಸ್ತಿ ದಾಖಲೆ), ಆಸ್ತಿಯ ಮೇಲೆ ಸಾಲ ಇದೆಯೇ ಎಂದು ತೋರಿಸುವ ಋಣಭಾರ ಪ್ರಮಾಣಪತ್ರ, ಮೂಲಪತ್ರ ಮೂರೂ ಕೈಗೆ ಬರುವ ತನಕ ಮುಂಗಡ ಕೊಡಬೇಡಿ. 1948ರವರೆಗೆ ನಿಜಾಮರ ಆಡಳಿತವಿದ್ದ ಊರು ನಮ್ಮದು. ಹಳೆಯ ಪತ್ರಗಳು ಉರ್ದುವಿನಲ್ಲಿ ಇರುವುದುಂಟು. ಓದಬಲ್ಲ ವಕೀಲರಿಂದ ಓದಿಸಿ. ಅರ್ಧ ನಗದು ಕೇಳುವವರಿಗೆ ನಮಸ್ಕಾರ ಹೇಳಿ ಮುಂದೆ ನಡೆಯಿರಿ, ನಿಮ್ಮ ಹಣವೆಲ್ಲ ಬ್ಯಾಂಕಿನ ಮೂಲಕವೇ ಹೋಗಬೇಕು. ಬೆಲೆ 50 ಲಕ್ಷ ಮುಟ್ಟಿದರೆ ಶೇ. 1ರಷ್ಟು ಟಿಡಿಎಸ್ (ಮಾರುವವರಿಗೆ ಕೊಡುವ ಹಣದಲ್ಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಕಡಿತ ಮಾಡುವುದು ಕೊಳ್ಳುವವರ ಹೊಣೆ. ಮಾರುವವರೂ ಅನಿವಾಸಿಗಳಾದರೆ ಲೆಕ್ಕವೇ ಬೇರೆ, ಮೊದಲೇ ಆಡಿಟರರನ್ನು ಕೇಳಿ.

ನೋಂದಣಿಗೆ ರಜೆ ಸಿಗದಿದ್ದರೆ ನಿಮ್ಮ ಪರವಾಗಿ ಸಹಿ ಮಾಡಲು ಬೇರೊಬ್ಬರಿಗೆ ಅಧಿಕಾರ ಕೊಡುವ ಮುಖ್ತಿಯಾರ ಪತ್ರ (ಪವರ್ ಆಫ್ ಅಟಾರ್ನಿ) ಬೇಕಾಗುತ್ತದೆ. ಇಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ಸಹಿ ಮಾಡಿ ದೃಢೀಕರಿಸಿ ಕಳಿಸಿದ ಮೇಲೆ, ಅದು ಊರು ಮುಟ್ಟಿದ ಮೂರು ತಿಂಗಳೊಳಗೆ ಅಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು. ಪತ್ರದಲ್ಲಿ ಆ ಒಂದು ಮನೆಯ ವಿವರ, ಕೊಳ್ಳುವ ಅಧಿಕಾರ ಇಷ್ಟನ್ನೇ ಬರೆಸಿ. ಮಾರುವ, ಅಡವಿಡುವ ಅಧಿಕಾರವನ್ನು ಸ್ವಂತ ತಮ್ಮನಿಗಾದರೂ ಸೇರಿಸಬೇಡಿ.