‘ನೋಡೋಣ’ ಎನ್ನುವವರು ಡಿಸ್ಪ್ಯಾಚರ್ ಆಗಬೇಕಾದರೆ

ಅಮೆರಿಕದ ವಿಮಾನ ಕಂಪನಿಯಲ್ಲಿ ಫ್ಲೈಟ್ ಡಿಸ್ಪ್ಯಾಚರ್ (ನೆಲದಲ್ಲಿ ಕುಳಿತು ಹವಾಮಾನ, ಇಂಧನ ನೋಡಿ ಹಾರಾಟವನ್ನು ಯೋಜಿಸುವವರು) ಆಗಬೇಕೆಂದು ಬರುವ ನಮ್ಮವರು ಮೊದಲು ಕೇಳುವುದು ಪರೀಕ್ಷೆಯ ವಿಷಯ. ಅದನ್ನು ಮೊದಲೇ ಮುಗಿಸಿಬಿಡುತ್ತೇನೆ. ಪ್ರಮಾಣಪತ್ರ ಕೊಡುವುದು ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಎಫ್‌ಎಎ. ಅದಕ್ಕೆ 23 ವರ್ಷ ತುಂಬಿರಬೇಕು, ಲಿಖಿತ ಪರೀಕ್ಷೆಯನ್ನು 21ಕ್ಕೇ ಬರೆಯಬಹುದು. 80 ಪ್ರಶ್ನೆ, 3 ಗಂಟೆ, ಶೇಕಡಾ 70 ಬಂದರೆ ಪಾಸು. ಈ ಕ್ಷೇತ್ರದ ಅನುಭವವಿಲ್ಲದವರು ಮಾನ್ಯತೆ ಪಡೆದ ಶಾಲೆಯಲ್ಲಿ ಕನಿಷ್ಠ 200 ಗಂಟೆಗಳ ಕೋರ್ಸ್ ಮಾಡಬೇಕು. ಕೊನೆಗೆ ಪ್ರಾಯೋಗಿಕ ಪರೀಕ್ಷೆ. ಮೌಖಿಕವೂ ಅದರಲ್ಲೇ ಬರುತ್ತದೆ. ಕೆಲಸ ಮಾಡುವ ಅನುಮತಿ ಕೈಯಲ್ಲಿರಲಿ. ಸೇರುವ ಮುನ್ನ ಮಾದಕವಸ್ತು ತಪಾಸಣೆ, ಹಿನ್ನೆಲೆ ಪರಿಶೀಲನೆ. ಕಾಗದಪತ್ರದ ಕಥೆ ಇಷ್ಟೇ.

ಇನ್ನು ನನ್ನ ಪೆದ್ದುತನಗಳು. ಲಿಖಿತ ಪರೀಕ್ಷೆಗೆ ನಾವು ಶಾಲೆಯಲ್ಲಿ ಕಲಿತ ವಿದ್ಯೆಯನ್ನೇ ಪ್ರಯೋಗಿಸಿದೆ. ಪ್ರಶ್ನೆಯ ಮೊದಲ ಸಾಲು ಕಂಡರೆ ಸಾಕು, ಉತ್ತರ ಬಾಯಿಗೆ ಬರುವ ಹಾಗೆ ಉರು ಹೊಡೆದೆ. ಶೇಕಡಾ 94 ಬಂತು. ಊರಿಗೆಲ್ಲ ಫೋನ್ ಮಾಡಿ ಹೇಳಿಕೊಂಡೆ. ಕೆಲವೇ ದಿನಗಳಲ್ಲಿ ಪ್ರಾಯೋಗಿಕ ಪರೀಕ್ಷೆಯಲ್ಲಿ ಮುಗ್ಗರಿಸಿ ಬಿದ್ದೆ, ಆ ಸುದ್ದಿಯನ್ನು ಯಾರಿಗೂ ಹೇಳಲಿಲ್ಲ.

ಬಿದ್ದದ್ದು ಹೀಗೆ. ಅದು ನವೆಂಬರ್, ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ವಾರ. ನನಗೆ ಕೊಟ್ಟ ವಿಮಾನ ಸಂಜೆ 7:30ಕ್ಕೆ ಮೆಂಫಿಸ್‌ನಲ್ಲಿ ಇಳಿಯಬೇಕಿತ್ತು. ಹವಾಮಾನದ ಮುನ್ಸೂಚನೆಯೆಲ್ಲ ಜುಲು ಸಮಯದಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಯುಟಿಸಿ ಸಮಯದಲ್ಲಿ ಇರುತ್ತದೆ. ಜುಲು 2 ಗಂಟೆಯಿಂದ ಗೋಚರತೆ 2 ಮೈಲಿಗೆ ಇಳಿಯುತ್ತದೆ ಎಂದು ಅದರಲ್ಲಿತ್ತು. ಇಳಿಯುವ ಸಮಯದ ಹಿಂದೆ ಒಂದು ಗಂಟೆ, ಮುಂದೆ ಒಂದು ಗಂಟೆ, ಆ ಅವಧಿಯಲ್ಲಿ ಮೋಡದ ತಳ 2,000 ಅಡಿಗಿಂತ ಕೆಳಗಿದ್ದರೆ ಅಥವಾ ಗೋಚರತೆ 3 ಮೈಲಿಗಿಂತ ಕಡಿಮೆಯಿದ್ದರೆ ಅಲ್ಲಿ ಇಳಿಯಲಾಗದಿದ್ದರೆ ಹೋಗಲು ಬದಲಿ ನಿಲ್ದಾಣವನ್ನು ಸೂಚಿಸಲೇಬೇಕು. ನಿಯಮ ನನಗೆ ಕಂಠಪಾಠ. ಆದರೆ ಮೆಂಫಿಸ್ ಸಮಯವನ್ನು ಜುಲುವಿಗೆ ಬದಲಿಸುವಾಗ ಚಳಿಗಾಲದ ಆರು ಗಂಟೆ ಕೂಡಿಸುವ ಬದಲು ಬೇಸಿಗೆಯ ಐದನ್ನೇ ಕೂಡಿಸಿದೆ. ನನ್ನ ಕಾಗದದ ಮೇಲೆ ವಿಮಾನ ಮಂಜು ಬರುವುದಕ್ಕೆ ಬಹಳ ಮೊದಲೇ ಇಳಿದಿತ್ತು. ‘ಬದಲಿ ನಿಲ್ದಾಣ ಯಾವುದು?’ ಎಂದು ಪರೀಕ್ಷಕರು ಕೇಳಿದರು. ‘ಬೇಕಾಗಿಲ್ಲ’ ಎಂದೆ. ‘ಖಚಿತವೇ?’ ಎಂದರು. ಅವರು ಎರಡನೆಯ ಸಲ ಕೇಳುತ್ತಿರುವುದೇ ಏಕೆ ಎಂದು ಹೊಳೆಯಬೇಡವೇ? ಹೊಳೆಯಲಿಲ್ಲ. ಊರಿನಲ್ಲಿ ಈಗ ಎಷ್ಟು ಗಂಟೆ ಎಂದು ನಿದ್ದೆಗಣ್ಣಿನಲ್ಲೂ ಹೇಳಬಲ್ಲವನು ಐದೋ ಆರೋ ಎಂಬಲ್ಲಿ ಎಡವಿದೆ. ಮತ್ತೆ ತರಬೇತಿ ಪಡೆದು, ಬೋಧಕರ ಸಹಿ ತಂದು, ಎರಡನೆಯ ಸಲಕ್ಕೆ ಪಾಸಾದೆ.

ಸಂದರ್ಶನದಲ್ಲಿ ಬಿದ್ದ ಕಥೆ ಇದಕ್ಕಿಂತ ನಾಚಿಕೆಗೇಡು. ‘ನಿಮಗಿಂತ ಹಿರಿಯರೊಬ್ಬರ ತೀರ್ಮಾನವನ್ನು ವಿರೋಧಿಸಿದ ಸಂದರ್ಭ ಹೇಳಿ’ ಎಂದರು. ನಾನು ಬೆನ್ನು ನೆಟ್ಟಗೆ ಮಾಡಿ, ಇಷ್ಟು ವರ್ಷಗಳಲ್ಲಿ ಹಿರಿಯರಿಗೆ ಒಮ್ಮೆಯೂ ಎದುರಾಡಿಲ್ಲ ಎಂದೆ. ಅದು ನನ್ನ ಸದ್ಗುಣವೆಂದೇ ನಂಬಿದ್ದೆ. ಆ ಕೆಲಸ ಸಿಗಲಿಲ್ಲ. ಯಾಕೆ ಸಿಗಲಿಲ್ಲ ಎಂಬುದು ಎರಡು ವರ್ಷ ಕಳೆದ ಮೇಲೆ, ಇನ್ನೊಂದು ಕಂಪನಿಯ ಮೇಜಿನ ಮುಂದೆ ಕುಳಿತಾಗ ಅರ್ಥವಾಯಿತು.

ಈ ಕೆಲಸದ ತಿರುಳು ಏನೆಂದರೆ, ವಿಮಾನ ಹೊರಡುವ ಮುನ್ನ ರಿಲೀಸ್ ಎಂಬ ಪತ್ರಕ್ಕೆ ಕ್ಯಾಪ್ಟನ್ ಮತ್ತು ಡಿಸ್ಪ್ಯಾಚರ್ ಇಬ್ಬರೂ ಸಹಿ ಮಾಡುತ್ತಾರೆ. ಹೊರಡಬೇಕೇ ಬೇಡವೇ ಎಂಬ ಹೊಣೆ ಕಾನೂನಿನ ಪ್ರಕಾರ ಇಬ್ಬರದ್ದೂ. ಕ್ಯಾಪ್ಟನ್ ಸಾಹೇಬರಲ್ಲ, ನಾವು ಗುಮಾಸ್ತರಲ್ಲ. ಇದು ತಲೆಗೆ ಹೋಗುವುದು ಸುಲಭ, ನಾಲಿಗೆಗೆ ಇಳಿಯುವುದು ಕಷ್ಟ.

ತರಬೇತಿ ಮುಗಿದು ಸ್ವತಂತ್ರವಾಗಿ ಕೆಲಸ ಮಾಡಲು ತೊಡಗಿದ ಮೊದಲ ಬೇಸಿಗೆ. ಮಧ್ಯಾಹ್ನ ಗುಡುಗುಮಳೆಯ ಸಾಲೊಂದು ತಲುಪಬೇಕಾದ ಊರಿನ ಪಶ್ಚಿಮಕ್ಕೆ ಕಟ್ಟಿಕೊಳ್ಳುತ್ತಿತ್ತು. ಕಾನೂನು ಕೇಳುವ ಇಂಧನ ಇತ್ತು: ಊರು ತಲುಪಲು, ಅಲ್ಲಿಂದ ಬದಲಿ ನಿಲ್ದಾಣಕ್ಕೆ, ಅದರ ಮೇಲೆ 45 ನಿಮಿಷ. ಆಕಾಶದಲ್ಲಿ ಸುತ್ತುತ್ತಾ ಕಾಯಲು ಇನ್ನಷ್ಟು ಬೇಕು ಎಂದು ನನಗೆ ಗೊತ್ತಿತ್ತು. ಕ್ಯಾಪ್ಟನ್‌ಗೆ ಫೋನ್ ಮಾಡಿದೆ. ‘ಬೇಕು ಎನ್ನುತ್ತೀರಾ, ಬೇಡ ಎನ್ನುತ್ತೀರಾ?’ ಎಂದು ಅವರು ಕೇಳಿದರು. ‘ನಿಮಗೆ ಹೇಗೆ ಸರಿ ಅನಿಸುತ್ತದೋ ಹಾಗೆ’ ಎಂದೆ. ಹೆಚ್ಚಿನ ಇಂಧನ ತುಂಬಿಸಲಿಲ್ಲ. ವಿಮಾನ ಸ್ವಲ್ಪ ಹೊತ್ತು ಸುತ್ತಿ, ಬದಲಿ ನಿಲ್ದಾಣಕ್ಕೆ ಹೋಗಿ ಇಳಿಯಿತು. ಯಾರಿಗೂ ಏನೂ ಆಗಲಿಲ್ಲ. ಪ್ರಯಾಣಿಕರು ಬೆಳಗಿನವರೆಗೆ ಕುರ್ಚಿಗಳ ಮೇಲೆ ಒರಗಿಕೊಂಡಿದ್ದರು, ಅಷ್ಟೇ.

ಮರುದಿನ ಮೇಲ್ವಿಚಾರಕಿ ನನ್ನನ್ನು ಕರೆದು ಆ ಫೋನ್ ಸಂಭಾಷಣೆ ಕೇಳಿಸಿದರು. ನಮ್ಮ ಮಾತೆಲ್ಲ ಧ್ವನಿಮುದ್ರಣವಾಗುತ್ತದೆ, ನೆನಪಿರಲಿ. ಎರಡೇ ನಿಮಿಷದಲ್ಲಿ ಆರು ‘ಬಹುಶಃ’. ಮಾತಾಡಿದ್ದು ಇಂಗ್ಲಿಷು, ಒಳಗಿದ್ದದ್ದು ಅಪ್ಪಟ ನಮ್ಮ ದಾಕ್ಷಿಣ್ಯ. ನಡುವೆ ಒಂದು ಕಡೆ ನಾನು ಏನೂ ಹೇಳದ ಮೌನವಿತ್ತು. ಆಗ ಏನು ಮಾಡುತ್ತಿದ್ದಿರಿ ಎಂದು ಆಕೆ ಕೇಳಿದರು. ತಲೆಯಾಡಿಸುತ್ತಿದ್ದೆ.

1990ರ ಜನವರಿ 25ರಂದು ನ್ಯೂಯಾರ್ಕ್‌ಗೆ ಬರುತ್ತಿದ್ದ ಅವಿಯಾಂಕಾ ಕಂಪನಿಯ 52ನೇ ಸಂಖ್ಯೆಯ ವಿಮಾನ ಇಂಧನ ಮುಗಿದು ಲಾಂಗ್ ಐಲೆಂಡ್‌ನ ಕೋವ್ ನೆಕ್‌ನಲ್ಲಿ ಬಿತ್ತು. 73 ಜನ ಸತ್ತರು. ಸಿಬ್ಬಂದಿ ‘ಆದ್ಯತೆ ಬೇಕು’, ‘ಇಂಧನ ಮುಗಿಯುತ್ತಿದೆ’ ಎಂದಿದ್ದರು. ‘ತುರ್ತುಸ್ಥಿತಿ’ ಎಂಬ ಒಂದು ಪದವನ್ನು ಹೇಳಿರಲಿಲ್ಲ. ದಾರಿಯಲ್ಲಿ ಡಿಸ್ಪ್ಯಾಚ್ ನೆರವನ್ನು ಬಳಸಿಕೊಳ್ಳದಿದ್ದುದೂ ಕಾರಣಗಳಲ್ಲಿ ಒಂದೆಂದು ತನಿಖಾ ವರದಿ ಹೇಳಿತು. ಕೋರ್ಸಿನಲ್ಲಿ ಓದುವಾಗ ಇದು ನನಗೆ ಬೇರೆಯವರ ಕಥೆಯಾಗಿತ್ತು.

ವರ್ಷಕ್ಕೆ ಕನಿಷ್ಠ ಐದು ಗಂಟೆ ಕಾಕ್‌ಪಿಟ್ಟಿನ ಜಂಪ್‌ಸೀಟಿನಲ್ಲಿ, ಅಂದರೆ ಇಬ್ಬರು ಪೈಲಟ್‌ಗಳ ಹಿಂದಿನ ಹೆಚ್ಚುವರಿ ಆಸನದಲ್ಲಿ ಕುಳಿತು ಹೋಗಿಬರಬೇಕೆಂಬ ನಿಯಮವಿದೆ. ಅದನ್ನು ಪುಕ್ಕಟೆ ಪ್ರವಾಸವೆಂದು ಕಳೆಯಬೇಡಿ. ಮುಂದಿನ ಗಾಜಿನಾಚೆ ಬೂದು ಬಣ್ಣ ಬಿಟ್ಟರೆ ಬೇರೇನೂ ಕಾಣದಿದ್ದಾಗ ಆ ಇಬ್ಬರು ಕೆಳಗಿನಿಂದ ಒಂದು ಸ್ಪಷ್ಟ ವಾಕ್ಯಕ್ಕೆ ಕಾಯುವುದನ್ನು ಅಲ್ಲಿ ನೋಡಿದ ಮೇಲೆ ನನ್ನ ನಾಲಿಗೆ ತಿದ್ದಿತು.

ಆ ಪಾಠ ಮನೆಯಲ್ಲೂ ನನ್ನನ್ನು ತಿದ್ದಿತು. ಇಲ್ಲೇ ಹುಟ್ಟಿದ ಮಗಳು ‘ಇಲ್ಲ ಅಪ್ಪ, ನೀನು ಹೇಳಿದ್ದು ತಪ್ಪು’ ಎಂದಾಗ ಮೊದಲೆಲ್ಲ ಸಿಟ್ಟು ನೆತ್ತಿಗೇರುತ್ತಿತ್ತು. ಈಗ ನಾನು ದುಡ್ಡು ಕೊಟ್ಟು ಕಲಿತದ್ದು ಅವಳಿಗೆ ಬಿಟ್ಟಿಯಾಗಿ ಬಂದಿದೆ ಅನಿಸುತ್ತದೆ. ಆದರೆ ‘ನೋಡೋಣ’ ಎಂದರೆ ಆಗುವುದಿಲ್ಲ ಎಂದರ್ಥ ಎಂಬುದು ಅವಳಿಗೆ ತಿಳಿಯದು. ಯಾರಾದರೂ ‘ನೋಡೋಣ’ ಎಂದರೆ ‘ಯಾವಾಗ ನೋಡುವುದು?’ ಎಂದು ತಾರೀಖು ಕೇಳುತ್ತಾಳೆ.

ಕೊನೆಯದಾಗಿ ರಜೆಯ ವಿಷಯ. ಪಾಳಿ, ರಜೆ ಎಲ್ಲವೂ ಸೇವಾ ಹಿರಿತನದ ಮೇಲೆ ಹಂಚಿಕೆಯಾಗುತ್ತವೆ. ಆದ್ದರಿಂದ ಸಣ್ಣ ಪ್ರಾದೇಶಿಕ ಕಂಪನಿಯಾದರೂ ಸರಿ, ಬೇಗ ಸೇರಿ, ಅನುಭವ ಗಳಿಸಿ. ದೊಡ್ಡ ಕಂಪನಿಗೆ ಹೋದರೆ ಮತ್ತೆ ಪಟ್ಟಿಯ ತಳದಿಂದಲೇ ಶುರು ಎಂಬುದೂ ಗೊತ್ತಿರಲಿ. ಮೊದಲ ವರ್ಷಗಳಲ್ಲಿ ರಾತ್ರಿ ಪಾಳಿ, ಶನಿವಾರ, ಭಾನುವಾರ, ಹಬ್ಬ ಎಲ್ಲ ನಿಮ್ಮ ಪಾಲಿಗೇ. ಕನ್ನಡ ಕೂಟದ ಯುಗಾದಿಯ ಫೋಟೋಗಳನ್ನು ನಾಲ್ಕು ವರ್ಷ ಮೊಬೈಲಿನಲ್ಲೇ ನೋಡಿದೆ.

ಹೋದ ವರ್ಷ ಅಮ್ಮ ಫೋನಿನಲ್ಲಿ, ಈ ಸಲವಾದರೂ ಬರುತ್ತೀಯಾ ಎಂದು ಕೇಳಿದರು. ರಜೆಯ ಪಟ್ಟಿ ಕಣ್ಣ ಮುಂದೆಯೇ ಇತ್ತು. ‘ಇಲ್ಲಮ್ಮ, ಈ ವರ್ಷ ಆಗುವುದಿಲ್ಲ’ ಎಂದೆ, ಕ್ಯಾಪ್ಟನ್‌ಗೆ ಹೇಳುವಷ್ಟೇ ಸ್ಪಷ್ಟವಾಗಿ. ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ.

‘ನೋಡೋಣ ಅಂತಲಾದರೂ ಹೇಳಬಾರದಿತ್ತೇನೋ’ ಎಂದರು.