ಕುದುರೆಗೆ ಲಾಯ ಹುಡುಕುತ್ತಿದ್ದೀರಾ? ಮಳೆಗಾಲದಲ್ಲೇ ಹೋಗಿ ನೋಡಿ

ಬಹಳ ವರ್ಷದ ಮೇಲೆ ಮತ್ತೆ ಕುದುರೆ ಕೊಂಡು, ನಮ್ಮ ಹಾಸನ, ಚಿಕ್ಕಮಗಳೂರು ಕಡೆ ಯಾರದಾದರೂ ಲಾಯದಲ್ಲಿ ಬಿಡುವ ಯೋಚನೆ ಇದ್ದರೆ ಜುಲೈನಲ್ಲಿ ಹೋಗಿ ನೋಡಿ. ಜನವರಿಯಲ್ಲಿ ಎಲ್ಲ ಲಾಯವೂ ಚೆನ್ನಾಗೇ ಕಾಣುತ್ತದೆ!

ಸಕಲೇಶಪುರ, ಮೂಡಿಗೆರೆ ಕಡೆ ಮಳೆ ಹಿಡಿದರೆ ನೆಲ ಆರುವುದೇ ಇಲ್ಲ. ಅಲ್ಲಿರುವ ಒಂದು ಕುದುರೆಯ ಕಾಲು ಎತ್ತಿಸಿ, ಗೊರಸಿನ ಅಡಿ ನೋಡಿ. ಕಪ್ಪಗೆ, ಮೆತ್ತಗಾಗಿ ಕೊಳೆತ ವಾಸನೆ ಬಂದರೆ ಅದು ಒದ್ದೆ ಲದ್ದಿಯ ಮೇಲೇ ನಿಂತಿರುತ್ತದೆ, ಮಾಲೀಕರು ಏನೇ ಹೇಳಲಿ. ಅರಸೀಕೆರೆ, ಕಡೂರು ಕಡೆ ಈ ಕಾಟ ಕಡಿಮೆ. ಅಲ್ಲಿ ಬೇಸಿಗೆಯ ನೀರು, ನೆರಳು ವಿಚಾರಿಸಿ.

ಆಮೇಲೆ ಹುಲ್ಲು. ಕಂತೆ ಬಿಚ್ಚಿಸಿ ಮೂಸಿ ನೋಡಿ, ಬೂಷ್ಟು ಇರಬಾರದು. 400 ಕೆ.ಜಿ. ತೂಗುವ ಕುದುರೆಗೆ ದಿನಕ್ಕೆ 6ರಿಂದ 8 ಕೆ.ಜಿ. ಒಣಮೇವು ಬೇಕು. 'ಹುರುಳಿ ಜಾಸ್ತಿ ಹಾಕ್ತೀವಿ ಬಿಡಿ' ಅಂದರೆ ಸುಮ್ನೆ ತಲೆಯಾಡಿಸಬೇಡಿ, ಹುಲ್ಲಿನ ಜಾಗಕ್ಕೆ ಹುರುಳಿ ಆಗುವುದಿಲ್ಲ.

ಗೊರಸು ಕತ್ತರಿಸುವವರು ಎಲ್ಲಿಂದ ಬರುತ್ತಾರೆ ಕೇಳಿ. 6-8 ವಾರಕ್ಕೊಮ್ಮೆ ಅವರು ಬೇಕೇ ಬೇಕು. ರಾತ್ರಿ ಹೊಟ್ಟೆಶೂಲೆ ಬಂದರೆ ಯಾವ ಡಾಕ್ಟರಿಗೆ ಫೋನ್ ಮಾಡುತ್ತೀರಿ ಅಂತಲೂ ಕೇಳಿ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇನೋ ಇದೆ, ಆದರೆ ಘಟ್ಟದ ರಸ್ತೆಯಲ್ಲಿ ಕುದುರೆ ಸಾಗಿಸುವ ಗಾಡಿ ಆ ಹೊತ್ತಿಗೆ ಸಿಗಬೇಕಲ್ವಾ? ಲಾಳ, ಲಸಿಕೆ ಖರ್ಚು ತಿಂಗಳ ದುಡ್ಡಿನಲ್ಲೇ ಸೇರಿದೆಯಾ ಅನ್ನುವುದನ್ನು ಬರೆಸಿಕೊಳ್ಳಿ.